ಸಬೂಬಿನ ಸ

ನವೆಂಬರ್ 4, ಮಂಗಳವಾರ

ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸಲು ಸೀಟಿ ಊದಿದರೆ ಸದ್ದು ಬರಲಿಲ್ಲ, ಉಗುಳು ಬಂತು. ಎಂಟುನೂರು ಹುಡುಗಿಯರ ಎದುರು ಗಲ್ಲದ ಮೇಲೆ ಉಗುಳು ಸುರಿಸಿಕೊಂಡು ನಿಂತ ಪಿ.ಟಿ. ಟೀಚರ್. ಛೀ. ಕರ್ಚೀಫು ಹುಡುಕುವಷ್ಟರಲ್ಲಿ ಮೊದಲ ಸಾಲಿನವರು ಕಿಸಕ್ಕೆಂದರು. ಬಾಯಿ ಮೊದಲಿನಷ್ಟು ಅಗಲ ತೆರೆಯುವುದಿಲ್ಲ, ನಿಜ, ಆದರೆ ಸೀಟಿಯೂ ಹಳತಾಗಿದೆ. ಹೊಸದು ತರಬೇಕು.

ಮೂರನೇ ಪೀರಿಯಡ್, ಒಂಬತ್ತನೇ ತರಗತಿಯವರಿಗೆ ಮೈದಾನ ಮೂರು ಸುತ್ತು. ನಾನು ಸಬೂಬು ರಾಣಿ ಅನ್ನುವ ಹುಡುಗಿ ಅರ್ಧ ಸುತ್ತಿಗೇ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಬೆವರು, ತೆರೆದ ಬಾಯಿ, ಮೂಗಿನ ಕೆಳಗೆ ಒಣಗಿದ ಸಿಂಬಳ. ನೋಡಿದರೆ ಮೈ ಜುಮ್ಮೆನ್ನುತ್ತದೆ.

"ಮಿಸ್, ಉಸಿರು ಸಿಗ್ತಿಲ್ಲ."

"ಉಸಿರು ಸಿಗ್ದಿದ್ರೆ ಮಾತು ಹೇಗೆ ಸಿಗ್ತು? ಎದ್ದೇಳು."

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಸ' ಹಾಕಿದೆ. ಬರದವರಿಗೆ 'ಗೈ', ಬಂದೂ ಓಡದವರಿಗೆ 'ಸ'. ಸಬೂಬಿನ ಸ. ಇಪ್ಪತ್ತೇಳು ವರ್ಷದ ಹಿಂದೆ ನಾನೇ ಕಂಡುಹಿಡಿದದ್ದು. ತಲೆನೋವು, ಹೊಟ್ಟೆನೋವು, ಶೂ ಕಚ್ಚುತ್ತಿದೆ, ಅಜ್ಜಿ ಸತ್ತಳು: ಎಲ್ಲದಕ್ಕೂ ಒಂದೇ ಅಕ್ಷರ ಸಾಕು.

ಮನೆ ಮೂರನೇ ಮಹಡಿ. ಇವರು ಲಿಫ್ಟ್ ಮೆಕ್ಯಾನಿಕ್, ನಮ್ಮ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವರೂ ಇವರೇ. ಮದುವೆಯಾದಾಗಿನಿಂದ ನಾನು ಅದರೊಳಗೆ ಕಾಲಿಟ್ಟಿಲ್ಲ. ಸೋಮಾರಿಗಳ ಪೆಟ್ಟಿಗೆ ಅದು. ಎರಡನೇ ಮಹಡಿಯಲ್ಲಿ ಇವತ್ತು ನಿಂತು ಶೂ ಲೇಸ್ ಕಟ್ಟಿಕೊಂಡೆ. ಲೇಸ್ ಬಿಚ್ಚಿರಲಿಲ್ಲ. ಆದರೂ ಕಟ್ಟಿದೆ.

ನವೆಂಬರ್ 6, ಗುರುವಾರ

ಕೀಲು ಡಾಕ್ಟರ ಹತ್ತಿರ ವರ್ಷದ ತಪಾಸಣೆ. ಕಾಯುವ ಕೋಣೆಯಲ್ಲಿ ಪಕ್ಕದವನು ಕರ್ಚೀಫಿಗೆ ಕೆಮ್ಮಿ, ಬಿಚ್ಚಿ ನೋಡಿ, ಸಮಾಧಾನಪಟ್ಟು ಮಡಚಿ ಜೇಬಿಗಿಟ್ಟ. ನಾನು ಎದ್ದು ಹೋಗಿ ಗೋಡೆಗೆ ಒರಗಿ ನಿಂತೆ.

ಈ ಕಾಯಿಲೆಗೆ ಈಗ ಒಂಬತ್ತು ವರ್ಷ. ಶುರುವಾಗಿದ್ದು ಬೆರಳುಗಳಿಂದ. ಚಳಿಗೆ ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗಿ ಚುರುಗುಡುತ್ತಿದ್ದವು. ಮತ್ತೆ ಚರ್ಮ ಬಿಗಿಯತೊಡಗಿತು. ಮೈಯನ್ನೆಲ್ಲ ಹಿಡಿದಿಡುವ ಅಂಗಾಂಶದ ಮೇಲೆ ಮೈಯೇ ತಿರುಗಿ ಬೀಳುವ ಕಾಯಿಲೆಯಂತೆ. ನನ್ನ ಮೈಗೆ ಅಷ್ಟೂ ಬುದ್ಧಿಯಿಲ್ಲ. ಬೆರಳುಗಳು ಈಗ ಯಾರೋ ಮೇಣದಲ್ಲಿ ಮಾಡಿ ಅಂಟಿಸಿದ ಹಾಗಿವೆ. ತುತ್ತು ಕಲಸುವಾಗ ನಾನು ಅವುಗಳನ್ನು ನೋಡುವುದಿಲ್ಲ.

ಎದೆಗೆ ತಣ್ಣನೆಯ ಲೋಳೆ ಸುರಿದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. ಒರೆಸಿಕೊಳ್ಳಲು ಕೊಟ್ಟ ಕಾಗದ ಎಂಟಾಣೆಯಗಲ.

"ಉಸಿರಾಟ ಹೇಗಿದೆ?" ಎಂದರು ಡಾಕ್ಟರು.

"ಸ್ವಲ್ಪ ಸುಸ್ತು, ಅಷ್ಟೇ. ಐವತ್ತೆರಡಾಯ್ತಲ್ಲ ಸಾರ್."

"ಮೆಟ್ಲು ಹತ್ತೋವಾಗ ನಿಂತು ನಿಂತು ಬರ್ತಾಳೆ ಸಾರ್," ಎಂದರು ಇವರು. ಯಾರು ಕೇಳಿದ್ದರು ಇವರನ್ನು? ಕೆಕ್ಕರಿಸಿ ನೋಡಿದೆ.

ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಜಾಸ್ತಿ ಇರುವ ಹಾಗೆ ಕಾಣುತ್ತದಂತೆ, ಆದರೆ ಖಚಿತವಿಲ್ಲವಂತೆ. "ಈ ಕಾಯಿಲೆ ಇರೋರಲ್ಲಿ ಕೆಲವರಿಗೆ ಹೀಗಾಗತ್ತೆ. ಬೇಗ ಗೊತ್ತಾದ್ರೆ ಮಾತ್ರೆ ಇದೆ, ಹಿಡಿತದಲ್ಲಿಡಬಹುದು. ತಡ ಆದ್ರೆ ಕಷ್ಟ. ಇಪ್ಪತ್ತೈದಕ್ಕೆ ಆರು ನಿಮಿಷದ ನಡಿಗೆ ಪರೀಕ್ಷೆ ಇಟ್ಕೊಳ್ಳೋಣ. ಅದು ನೋಡ್ಕೊಂಡು, ಕತ್ತಿನ ಹತ್ರ ಒಂದು ಸಣ್ಣ ನಳಿಕೆ ಹಾಕಿ ಒತ್ತಡ ಅಳೀಬೇಕಾ ಬೇಡ್ವಾ ತೀರ್ಮಾನ ಮಾಡೋಣ."

ಕತ್ತಿನಿಂದ ಹೃದಯದವರೆಗೆ ನಳಿಕೆ! ಚರಂಡಿ ಕಟ್ಟಿಕೊಂಡಾಗ ತಂತಿ ಬಿಡುತ್ತಾರಲ್ಲ, ಹಾಗೆ.

ಪರೀಕ್ಷೆ ಎಂದ ಮೇಲೆ ಪಾಸಾದರೆ ಮುಗಿಯಿತು. ಹತ್ತೊಂಬತ್ತು ದಿನ ಇದೆ.

ನವೆಂಬರ್ 12, ಬುಧವಾರ

ಶಾಲೆಯ ಕೆಳಗಿನ ಕಾರಿಡಾರಿನಲ್ಲಿ ಟೇಪು ಹಿಡಿದು ಮೂವತ್ತು ಮೀಟರ್ ಅಳೆದು, ಎರಡೂ ತುದಿಗೆ ಸೀಮೆಸುಣ್ಣದ ಗೆರೆ ಹಾಕಿದ್ದೇನೆ. ಬೆಲ್ ಹೊಡೆಯುವ ಮುಂಚೆ ದಿನಾ ಆರು ನಿಮಿಷ. ಮೊದಲ ದಿನ ಮುನ್ನೂರ ನಲವತ್ತು. ಇವತ್ತು ಮುನ್ನೂರ ತೊಂಬತ್ತು. ತಿರುವಿನಲ್ಲಿ ದೊಡ್ಡ ಸುತ್ತು ಹಾಕಬಾರದು, ಒಂದು ಕಾಲೂರಿ ಗಿರಕ್ಕನೆ ತಿರುಗಬೇಕು. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಬೇಕು, ಆಗ ನೋಡುವವರಿಗೆ ಗೊತ್ತಾಗುವುದಿಲ್ಲ. ಮಾತಾಡಬೇಕಾಗಿ ಬಂದರೆ ಎರಡೇ ಶಬ್ದ. ಜಿಲ್ಲಾ ಮಟ್ಟಕ್ಕೆ ಎಷ್ಟು ಹುಡುಗಿಯರನ್ನು ತಯಾರು ಮಾಡಿ ಕಳಿಸಿದ್ದೇನೆ. ನನ್ನನ್ನು ನಾನು ತಯಾರು ಮಾಡಿಕೊಳ್ಳಲಾರೆನೆ?

ಗಣಿತದವಳು ಬೇಗ ಬಂದುಬಿಟ್ಟಳು. ಅವಳಿಗಿಂತ ಹತ್ತು ಹೆಜ್ಜೆ ಮುಂಚೆ ಅವಳ ಸೆಂಟು ಬರುತ್ತದೆ, ಕೊಳೆತ ಹೂವಿನ ಬುಟ್ಟಿಯ ವಾಸನೆ.

"ಏನ್ರೀ ಇದು, ಗಡಿಯಾರದ ಲೋಲಕ ಆಗ್ಬಿಟ್ಟಿದ್ದೀರಾ?"

"ವ್ಯಾಯಾಮ," ಎಂದೆ. ಒಂದೇ ಶಬ್ದ ಬಂತು.

ಸಂಜೆ ಸಾಕ್ಸ್ ಬಿಚ್ಚಿದರೆ ಕಾಲಿನ ಸುತ್ತ ಬಳೆ ತೊಟ್ಟಂತೆ ಆಳವಾದ ಗುರುತು. ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಈಗಿನ ಎಲಾಸ್ಟಿಕ್ಕೇ ಸರಿಯಿಲ್ಲ.

ನವೆಂಬರ್ 20, ಗುರುವಾರ

ನಾನೂರ ಮೂವತ್ತು!

ತುಟಿ ನೀಲಿಯಾಗಿದೆ ಎಂದಳು ಗಣಿತದವಳು. ಚಳಿ ಎಂದೆ.

ನವೆಂಬರ್ 25, ಮಂಗಳವಾರ

ಪರೀಕ್ಷೆ ಮಾಡಿಸುವವನನ್ನು ನೋಡಿಯೇ ಅರ್ಧ ಜೀವ ಹೋಯಿತು. ಹವಾಯಿ ಚಪ್ಪಲಿ ಎಳೆದುಕೊಂಡು ಸರ್ರ್ ಸರ್ರ್ ಎಂದು ನಡೆಯುತ್ತಾನೆ. ಮೂಗು ಸೋರುತ್ತಿದೆ, ಒರೆಸಿದ ಕೈಯಲ್ಲೇ ನನ್ನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಸಿಕ್ಕಿಸಿದ. ಹೆಸರು ಹೇಳಿದ, ನನಗೆ ಬೇಕಾಗಿಲ್ಲ. ಚಪ್ಪಲಿ ಸಾಕು.

"ಇದ್ರಲ್ಲಿ ಪಾಸು ಫೇಲು ಏನಿಲ್ಲ ಮೇಡಂ. ನಿಮ್ಗೆ ಆದಷ್ಟು ನಡೀರಿ. ಆಗ್ದಿದ್ರೆ ನಿಲ್ಲಿ, ಕುರ್ಚಿ ಇದೆ, ಕೂತ್ಕೊಳ್ಳಿ."

ಇಂಥವರಿಂದಲೇ ದೇಶದ ಮಕ್ಕಳು ಹಾಳಾಗಿರುವುದು.

ಮೂವತ್ತು ಮೀಟರಿನ ಕಾರಿಡಾರ್. ಎರಡು ತುದಿಗೆ ಕೇಸರಿ ಬಣ್ಣದ ಕೋನು, ಒಂದರ ತಲೆಗೆ ಯಾರೋ ಚೂಯಿಂಗ್ ಗಮ್ ಅಂಟಿಸಿದ್ದಾರೆ. ಹದಿನೈದು ಸಲ ಪೂರಾ ನಡೆದು ಮೇಲೆ ಆರು ಮೀಟರ್. ನಾನೂರ ಐವತ್ತಾರು! ಕ್ಲಿಪ್ಪಿನ ಅಂಕಿ ಸುಮ್ಮನೆ ಕುಣಿಯಿತು. "ನಿಮ್ಮ ಬೆರಳು ಐಸ್ ಆಗಿದೆ, ಮಿಷನ್ ಹಿಡೀತಿಲ್ಲ," ಎಂದು ಎರಡು ಸಲ ಉಜ್ಜಿ ನೋಡಿ ಕೈಬಿಟ್ಟ.

"ಉಸಿರಿನ ಕಷ್ಟ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಹೇಳ್ತೀರಿ?"

"ಒಂದು," ಎಂದೆ, ಬಾಯಿ ಮುಚ್ಚಿಕೊಂಡೇ.

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಬರೆದುಕೊಂಡ.

ಆಮೇಲೆ ಬಚ್ಚಲಿಗೆ ಹೋದೆ. ಫಿನಾಯಿಲ್ ವಾಸನೆ, ಬೇಸಿನ್ನಿನ ತೂತಿನಲ್ಲಿ ಯಾರದೋ ಕೂದಲ ಉಂಡೆ. ಕಣ್ಣು ಕತ್ತಲೆ ಬಂದು, ಬೇಸಿನ್ನಿನ ಅಂಚು ಹಿಡಿದು ನಿಂತು, ವಾಂತಿ ಮಾಡಿಕೊಂಡೆ. ಆ ಕೂದಲು ನೋಡಿದರೆ ಯಾರಿಗಾದರೂ ಬರುತ್ತದೆ.

ಡಾಕ್ಟರಿಗೆ ಖುಷಿ. "ಇಷ್ಟು ನಡೆದಿದ್ದೀರಿ ಅಂದ್ರೆ ನಳಿಕೆ ಈಗ್ಲೇ ಬೇಡ. ಆರು ತಿಂಗಳು ಬಿಟ್ಟು ಮತ್ತೆ ಎಕೋ ನೋಡೋಣ."

ಬರುವಾಗ ಹೊಸ ಸೀಟಿ ಕೊಂಡೆ.

ಡಿಸೆಂಬರ್ 3, ಬುಧವಾರ

ಹೊಸ ಸೀಟಿಯೂ ಹಾಗೇ. ಈಗ ಎಲ್ಲಾ ಡುಪ್ಲಿಕೇಟ್ ಮಾಲು.

ಸಬೂಬು ರಾಣಿಯ ತಾಯಿಯನ್ನು ಕರೆಸಿದ್ದೆ. ಕಳೆದ ತಿಂಗಳ ಹಾಜರಿ ಪುಸ್ತಕ ತೆರೆದು 'ಸ'ಗಳ ಸಾಲು ತೋರಿಸಿದೆ. ಹೆಂಗಸು ಸೆರಗಿನ ತುದಿ ಹಿಂಡುತ್ತಾ, "ಮನೇಲೂ ಹೀಗೇ ಮಿಸ್, ನಾಲ್ಕು ಮೆಟ್ಲು ಹತ್ತಿ ಕೂತ್ಬಿಡ್ತಾಳೆ, ಬರೀ ಸೋಮಾರಿ, ನೀವೇ ತಿದ್ದಬೇಕು," ಎಂದಳು. ಆ ಹಲ್ಲುಗಿಂಜುವ ವಿನಯ ನೋಡಿ ಮೈ ಉರಿಯಿತು. ಇಬ್ಬರಿಗೂ ಸೇರಿಸಿ ಬೈದೆ. ಚೆನ್ನಾಗಿ ಬೈದೆ ಅನ್ನಿಸಿತು.

ಬೈದಾದ ಮೇಲೆ ಸ್ವಲ್ಪ ಹೊತ್ತು ಮೇಜಿಗೆ ತಲೆಯಿಟ್ಟುಕೊಂಡಿದ್ದೆ.

ಜನವರಿ 10, ಶನಿವಾರ

ತಿಂಗಳ ಮೇಲೆ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಸುಸ್ತು ಬಿಟ್ಟರೆ.

ನಿನ್ನೆ ಕ್ರೀಡಾಕೂಟಕ್ಕೆ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದೆ. ಗೆರೆ ಸೊಟ್ಟಗಾಯಿತೆಂದು ಡಬ್ಬಿ ಕಸಿದುಕೊಂಡು ನಾನೇ ಬಗ್ಗಿದೆ. ಆಮೇಲೆ ನೆನಪಿಲ್ಲ. ಎಚ್ಚರವಾದಾಗ ಬಾಯಿಯಲ್ಲಿ ಸುಣ್ಣದ ಪುಡಿ, ಮೂಗಿನಲ್ಲಿ ಆ ಕೊಳೆತ ಹೂವಿನ ಬುಟ್ಟಿ. ಗಣಿತದವಳ ತೊಡೆಯ ಮೇಲೆ ನನ್ನ ತಲೆ. ಸುತ್ತಲೂ ಹುಡುಗಿಯರ ಮೊಣಕಾಲುಗಳು. ಬಿಳಿ ಮುಖದಲ್ಲಿ ಜೊಲ್ಲು ಸುರಿಸುತ್ತಾ ಮಲಗಿದ್ದೆನಂತೆ. ಇದನ್ನು ಬರೆಯುವಾಗಲೂ ಅಸಹ್ಯವಾಗುತ್ತದೆ.

ಅವಳ ಸೀರೆ ಪೂರಾ ಸುಣ್ಣವಾಗಿತ್ತು. ಅವಳು ಅದನ್ನು ಕೊಡವಿಕೊಳ್ಳಲೂ ಇಲ್ಲ.

ಇವರು ಇವತ್ತು ಕೆಲಸಕ್ಕೆ ಹೋಗದೆ ಎದುರಿಗೆ ಕೂತರು.

"ಆಸ್ಪತ್ರೇಲಿ ಅಷ್ಟು ದೂರ ನಡೆದೋಳು ಮೈದಾನದಲ್ಲಿ ಬಗ್ಗಿದ್ರೆ ಬೀಳ್ತೀಯಲ್ಲ, ಹೇಗೆ?"

"ಪ್ರಾಕ್ಟೀಸ್ ಮಾಡಿದ್ದೆ."

"ಏನು ಪ್ರಾಕ್ಟೀಸ್?"

ಕಾರಿಡಾರು, ಸೀಮೆಸುಣ್ಣ, ತಿರುವಿನ ಗಿರಕಿ, ಎಲ್ಲ ಹೇಳಿದೆ. ಮೊದಲು ನಕ್ಕರು. ನಗು ನಿಂತ ಮೇಲೆ ಮುಖ ನೋಡಲಾಗಲಿಲ್ಲ.

"ಅಲ್ಲ ಕಣೇ, ಅದೇನು ನಿನ್ನ ಮೆಡಲಿಗೆ ಇಟ್ಟಿದ್ದ ಪರೀಕ್ಷೇನಾ? ಇನ್‌ಸ್ಪೆಕ್ಷನ್ ದಿನ ಸವೆದಿರೋ ಹಗ್ಗಕ್ಕೆ ಗ್ರೀಸ್ ಬಳಿದು ಹೊಸದು ಅಂತ ತೋರಿಸ್ತಾರಲ್ಲ ಕೆಲವರು, ಹಾಗಾಯ್ತು ನೀನು ಮಾಡಿರೋದು. ಆಮೇಲೆ ಹಗ್ಗ ಕಿತ್ತು ಬೀಳೋದು ಯಾರು? ಇನ್‌ಸ್ಪೆಕ್ಟರಾ?"

"ಸುಸ್ತು ಅಷ್ಟೇರೀ."

"ಸುಸ್ತು ಸುಸ್ತು ಅಂತ ಎಷ್ಟು ದಿನ ಸಬೂಬು ಹೇಳ್ತೀಯ?"

ಮೂವತ್ತು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಕಣ್ಣಲ್ಲಿ ನೀರು ಬೇರೆ. ಗಂಡಸು ಮೂಗು ಸುರಿಸುತ್ತಾ ಅಳುವುದನ್ನು ನೋಡಲಾಗದೆ ಅಡಿಗೆಮನೆಗೆ ಹೋದೆ. ಹೋಗಿ ಅಲ್ಲೇ ನಿಂತೆ. ಹೆದರಿಕೆಯಾಯಿತು.

ಜನವರಿ 13, ಮಂಗಳವಾರ

ಡಾಕ್ಟರಿಗೆ ಹೇಳಿದೆ. ಪೂರಾ ಸುತ್ತು ಓಡದೆ ಮೈದಾನದ ಮೂಲೆಯಲ್ಲಿ ಅಡ್ಡ ಹಾಯ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೈಕಟ್ಟಿ ನಿಂತು ಹೇಳಿದೆ. ಕಾಲಿನ ಗುಳಿಯನ್ನೂ ತೋರಿಸಿದೆ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ನಂದೂ ತಪ್ಪಿದೆ. ನಿಮ್ಮನ್ನ ಮೊದಲೇ ನಳಿಕೆ ಪರೀಕ್ಷೆಗೆ ಕಳಿಸಬೇಕಿತ್ತು, ನಡಿಗೆ ನಂಬಿಬಿಟ್ಟೆ," ಎಂದರು. "ಎರಡು ತಿಂಗಳು ಹೋಯ್ತು. ಇನ್ನು ಹೋಗೋದು ಬೇಡ."

ಬೈದಿದ್ದರೆ ಚೆನ್ನಾಗಿತ್ತು.

ಜನವರಿ 20, ಮಂಗಳವಾರ

ಮತ್ತೆ ಚಪ್ಪಲಿ. ಮತ್ತೆ ಆ ಚೂಯಿಂಗ್ ಗಮ್ಮಿನ ಕೋನು. ಈ ಸಲ ಕ್ಲಿಪ್ಪನ್ನು ಬೆರಳಿಗೆ ಹಾಕಲಿಲ್ಲ, ಹಣೆಗೆ ಅಂಟಿಸುವ ಬೇರೆ ಪಟ್ಟಿ ಹುಡುಕಿ ತಂದಿದ್ದ. "ಆವತ್ತಿಂದ ಮನಸ್ಸಿಗೆ ಸಮಾಧಾನ ಇರ್ಲಿಲ್ಲ ಮೇಡಂ. ಒಂದು ಅಂತ ಹೇಳಿದ್ರಿ, ಮುಖದಲ್ಲಿ ಏಳಿತ್ತು," ಎಂದ.

ಮೂಗಿನಲ್ಲಿ ಉಸಿರಾಡಲಿಲ್ಲ. ಬಾಯಿ ತೆರೆದೆ, ತೆರೆದಷ್ಟು. ಗಿರಕಿ ಹೊಡೆಯಲಿಲ್ಲ. ನಾಲ್ಕನೇ ನಿಮಿಷಕ್ಕೆ ಎದೆ ಬಿಗಿದುಕೊಂಡಿತು. ಕುರ್ಚಿ ಅಲ್ಲೇ ಇತ್ತು, ಸೀಟಿನ ಪ್ಲಾಸ್ಟಿಕ್ ಹರಿದು ಒಳಗಿನ ಹಳದಿ ಸ್ಪಂಜು ಕಾಣುತ್ತಿತ್ತು. ಎಷ್ಟು ಜನರ ಬೆವರು ಕುಡಿದ ಸ್ಪಂಜೋ. ಕೂತೆ.

ಅವನು ಮುಂದೆ ಮಂಡಿಯೂರಿದ. ಮೂಗು ಇನ್ನೂ ಸೋರುತ್ತಿತ್ತು.

"ಸುಸ್ತಾ ಮೇಡಂ, ಉಸಿರಾ?"

"ಎರಡೂ ಒಂದೇ ಅಲ್ವಾ?"

"ಅಲ್ಲ. ಸುಸ್ತು ಅಂದ್ರೆ ಕಾಲು ಬೇಡ ಅನ್ನತ್ತೆ. ಉಸಿರು ಅಂದ್ರೆ ಕಾಲು ಬರ್ತೀನಿ ಅನ್ನತ್ತೆ, ಎದೆ ಬಿಡಲ್ಲ."

ಕಾಲು ಬರುತ್ತೇನೆ ಅನ್ನುತ್ತಿತ್ತು. ಮೂರು ವರ್ಷದಿಂದ ಅನ್ನುತ್ತಲೇ ಇತ್ತು.

"ಉಸಿರು," ಎಂದೆ.

ಇನ್ನೂರ ಅರವತ್ತೆಂಟು ಮೀಟರ್. ಹಣೆಯ ಪಟ್ಟಿಯಲ್ಲಿ ಆಮ್ಲಜನಕ ಎಂಬತ್ತಮೂರು, ತೊಂಬತ್ತೈದರ ಮೇಲಿರಬೇಕಂತೆ. ನನ್ನ ಜನ್ಮದಲ್ಲಿ ಇಷ್ಟು ಕೆಟ್ಟ ಫಲಿತಾಂಶ ಬರೆದುಕೊಂಡದ್ದಿಲ್ಲ. ಚಪ್ಪಲಿ ತಾನು ತಂದಿದ್ದ ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟ. ಲೋಟದ ಅಂಚಿಗೆ ಏನೋ ಮೆತ್ತಿತ್ತು. ಕುಡಿದೆ.

ಜನವರಿ 29, ಗುರುವಾರ

ನಳಿಕೆ ಪರೀಕ್ಷೆ ಆಯಿತು. ಕತ್ತಿನ ಬಳಿ ಮಾತ್ರ ಮರಗಟ್ಟಿಸಿದ್ದರು, ಎಚ್ಚರವಾಗಿಯೇ ಇದ್ದೆ. ಹಸಿರು ಬಟ್ಟೆಯ ಕೆಳಗೆ ನನ್ನ ಉಸಿರಿನ ವಾಸನೆಯನ್ನು ನಾನೇ ಕುಡಿಯುತ್ತಾ ಮಲಗಿದ್ದೆ. ಎದೆಯೊಳಗೆ ಏನೋ ಮೀನು ಹೊರಳಿದ ಹಾಗೆ ಎರಡು ಸಲ. ಇಪ್ಪತ್ತರೊಳಗೆ ಇರಬೇಕಾದ ಒತ್ತಡ ನಲವತ್ತೊಂದು.

ಶ್ವಾಸಕೋಶದ ಸಣ್ಣ ರಕ್ತನಾಳಗಳೂ ನನ್ನ ಬೆರಳಿನ ಚರ್ಮದ ಹಾಗೇ ಬಿಗಿದುಕೊಂಡಿವೆಯಂತೆ. ಬಲಗಡೆಯ ಹೃದಯ ಅವುಗಳೊಳಗೆ ರಕ್ತ ನೂಕಿ ನೂಕಿ ದಪ್ಪವಾಗಿದೆ. ವಾಸಿಯಾಗುವುದಿಲ್ಲ. ಮಾತ್ರೆಯಲ್ಲಿ ಹಿಡಿದಿಡಬಹುದು. ಎಷ್ಟು ವರ್ಷ ಎಂದು ಇವರು ಕೇಳಿದರು. ಮಾತ್ರೆಗೆ ಮೈ ಹೇಗೆ ಒಗ್ಗುತ್ತದೋ ನೋಡೋಣ ಎಂದರು ಡಾಕ್ಟರು. ನವೆಂಬರಿನಲ್ಲೇ ಶುರು ಮಾಡಿದ್ದರೆ ಎಂದು ನಾನು ಕೇಳಲಿಲ್ಲ.

ಮನೆಗೆ ಲಿಫ್ಟಿನಲ್ಲಿ ಬಂದೆ. ಒಳಗೆ ಗ್ರೀಸ್ ವಾಸನೆ, ಕನ್ನಡಿಯ ಮೇಲೆ ಯಾರದೋ ಎಣ್ಣೆತಲೆಯ ಗುರುತು. ಮೂಲೆಯಲ್ಲಿ ಗೋಡೆಗೆ ಮಡಚುವ ಸಣ್ಣ ಹಲಗೆಯ ಸೀಟು ಹೊಸದಾಗಿ ಬಂದಿದೆ.

"ಇದ್ಯಾರಿಗ್ರೀ?"

"ಯಾರಾದ್ರೂ ವಯಸ್ಸಾದೋರು ಬಂದ್ರೆ ಇರ್ಲಿ ಅಂತ," ಎಂದು ಬಟನ್ನುಗಳ ಕಡೆ ತಿರುಗಿದರು.

ಸ್ಕ್ರೂ ತಲೆಗಳಿಗೂ ಬಣ್ಣ ಹಚ್ಚಿದ್ದಾರೆ. ಕೂರಲಿಲ್ಲ, ಕೈ ಇಟ್ಟುಕೊಂಡೆ.

ಫೆಬ್ರವರಿ 3, ಮಂಗಳವಾರ

ಎರಡು ಬಗೆಯ ಮಾತ್ರೆ. ಅದರಲ್ಲಿ ಒಂದು, ಗಂಡಸರು ಗುಟ್ಟಾಗಿ ತೆಗೆದುಕೊಳ್ಳುವ ಮಾತ್ರೆಯಂತೆ! ಅದೇ ಔಷಧಿ ಶ್ವಾಸಕೋಶದ ನಾಳಗಳನ್ನೂ ಸಡಿಲಿಸುತ್ತದಂತೆ. ಇವರು ಔಷಧದಂಗಡಿಯಿಂದ ಕೆಂಪೇರಿ ಬಂದರು.

"ಅವ್ನು ಚೀಟಿ ನೋಡ್ದ. ನನ್ನ ಮುಖ ನೋಡ್ದ. 'ದಿನಕ್ಕೆ ಮೂರಾ ಸಾರ್?' ಅಂದ."

"ನೀವೇನಂದ್ರಿ?"

"ಹೆಂಡ್ತಿಗೆ ಅಂದೆ. ಇನ್ನೂ ಕೆಟ್ಟದಾಗಿ ನೋಡ್ದ."

ಥೂ, ಎಂಥ ಹೊಲಸು ಜನ. ನಗು ತಡೆಯಲಾಗದೆ ಉಸಿರು ಸಿಕ್ಕಿಕೊಂಡು, ಇವರು ಬೆನ್ನು ಸವರುತ್ತಾ, ಇಬ್ಬರೂ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆವು.

ಮಾರ್ಚ್ 2, ಸೋಮವಾರ

ಶಾಲೆಗೆ ಹೋದೆ. ಓಡಾಡುವಂತಿಲ್ಲ, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಕೈಗೆ ಉಣ್ಣೆಯ ಗವಸು, ಕೊರಳಿನ ಸೀಟಿಯ ಬದಲು ಕೈಗಂಟೆ. ದನ ಕಾಯುವವಳ ಹಾಗಿದ್ದೇನೆ. ಗಂಟೆ ತಂದುಕೊಟ್ಟದ್ದು ಗಣಿತದವಳು. ಈಗ ಸೆಂಟು ಬದಲಾಯಿಸಿದ್ದಾಳೋ ಏನೋ, ಅಷ್ಟು ಕೆಟ್ಟದಾಗಿಲ್ಲ.

ಮೂರನೇ ಪೀರಿಯಡ್ ಒಂಬತ್ತನೇ ತರಗತಿ. ಅರ್ಧ ಸುತ್ತು ಆಗುವಷ್ಟರಲ್ಲಿ ಸಬೂಬು ರಾಣಿ ಮೆಟ್ಟಿಲ ಮೇಲೆ. ಅದೇ ಬೆವರು, ಅದೇ ತೆರೆದ ಬಾಯಿ, ಮೂಗಿನ ಕೆಳಗೆ ಅದೇ ದರಿದ್ರ. ನನ್ನನ್ನು ನೋಡಿದ್ದೇ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡಳು. ನಾನು ಹಾಜರಿ ಪುಸ್ತಕ ಬಿಚ್ಚಿ ಪೆನ್ನು ಊರಿದ್ದೆ. ಗವಸಿನಲ್ಲಿ ಬರೆಯಲು ಬರುವುದಿಲ್ಲ, ಬಿಚ್ಚಬೇಕಾಯಿತು. ಅಷ್ಟರಲ್ಲಿ ಅವಳು ತಾನೇ ಹೇಳಿದಳು, "ಸುಸ್ತು ಮಿಸ್. ಸಬೂಬು ಹಾಕ್ಕೊಳ್ಳಿ."

"ಸುಸ್ತಾ, ಉಸಿರಾ?"

ಬೈಗುಳ ಎಂದುಕೊಂಡಳೋ ಏನೋ, ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ಕಾಲು ಬೇಡ ಅನ್ನತ್ತಾ, ಇಲ್ಲ ಎದೆ ಬಿಡಲ್ವಾ?"

"ಕಾಲು ಬರತ್ತೆ ಮಿಸ್," ಎಂದಳು. "ಎದೆ ಬಿಡಲ್ಲ."

ಅವಳ ತುಟಿ ನೋಡಿದೆ. ನೀಲಿ. ಜೂನಿನಿಂದ ವಾರಕ್ಕೆ ಮೂರು ದಿನ ಆ ಮುಖ ನೋಡಿದ್ದೇನೆ, ಸಿಂಬಳವಷ್ಟೇ ಕಂಡಿತ್ತು.

ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದು, ನೆರಳಿನಲ್ಲಿ ಕೂರು ಎಂದೆ. ಕರ್ಚೀಫು ಕೊಟ್ಟೆ. ಒರೆಸಿಕೊಂಡು ವಾಪಸು ಕೊಡಲು ಬಂದಳು. ಇಟ್ಕೋ ಮಾರಾಯ್ತಿ ಎಂದೆ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಉ' ಎಂದು ಬರೆದೆ. ಇಪ್ಪತ್ತೇಳು ವರ್ಷದಲ್ಲಿ ಆ ಅಕ್ಷರ ಬರೆದದ್ದಿಲ್ಲ.

ಬೀರುವಿನಲ್ಲಿ ಹಳೆಯ ಹಾಜರಿ ಪುಸ್ತಕಗಳೆಲ್ಲ ಇವೆ. ಧೂಳು, ಜಿರಲೆ ಹಿಕ್ಕೆ, ಮುಗ್ಗಲು ವಾಸನೆ. ಮುಟ್ಟಲು ಹೇಸಿಗೆ. ಒಂದನ್ನು ತೆಗೆದು 'ಸ'ಗಳ ಮೇಲೆ ಬೆರಳಾಡಿಸಿದೆ. ಎರಡು ಹಾಳೆ ದಾಟಲಾಗಲಿಲ್ಲ, ಮುಚ್ಚಿಟ್ಟೆ.

ನಾಳೆ ಅವಳ ತಾಯಿಯನ್ನು ಕರೆಸಬೇಕು. ಬೈಯಲಿಕ್ಕಲ್ಲ.